ರೈಟಕ್ಕನ ಬಾಯಿಗೆ ಬಾರದ ‘ನೀವು’

ಟಪ್, ಟಪ್, ಟಪ್ ಎಂದು ತಗಡಿನ ಮೈಗೆ ಅಂಗೈ ಬಡಿಯುವ ಸದ್ದು. ಹಿಂದಕ್ಕೆ ಬರುತ್ತಿರುವ ಬಸ್ಸಿಗೆ ಯಾರೋ ದಾರಿ ಹೇಳುತ್ತಿದ್ದಾರೆ: “ಬಾ... ಬಾ... ಸ್ವಲ್ಪ ಬಲಕ್ಕೆ ಹೊಡಿ... ಬಾ... ಹೋಲ್ಡಾನ್!” ಕೊನೆಯ ಏಟು ಜೋರಾಗಿ ಬೀಳುತ್ತದೆ. ಇಂಜಿನ್ನು ಒಮ್ಮೆ ಕೆಮ್ಮಿ ನಿಲ್ಲುತ್ತದೆ. ಡಿಪೋದ ಹಿಂಗೋಡೆಗೆ ಬೆನ್ನು ಕೊಟ್ಟು ನಿಂತ ಸಾಲುಮನೆಗಳಲ್ಲಿ ಬೆಳಗಾಗುವುದು ಹೀಗೆ. ಅಲ್ಲೊಂದು ಮನೆಯ ಒಳಕೋಣೆಯಲ್ಲಿ ಮಲಗಿರುವ ಹೆಂಗಸು ಆ ಏಟು ಯಾರ ಕೈಯದೆಂದು ಕಣ್ಣು ತೆರೆಯದೆಯೇ ಹೇಳಬಲ್ಲಳು. ಹೇಳಬಲ್ಲಳು ಎಂದರೆ, ಗೊತ್ತಿದೆ ಎಂದಷ್ಟೇ ಅರ್ಥ. ಹೆಸರು ಬಾಯಿಗೆ ಬರುವಷ್ಟರಲ್ಲಿ ಬಸ್ಸು ತೊಳೆದು ಮುಗಿದಿರುತ್ತದೆ.

ಅವಳನ್ನು ಡಿಪೋದಲ್ಲಿ ಎಲ್ಲರೂ ಕರೆಯುವುದು ರೈಟಕ್ಕ ಎಂದು. ಕಂಡಕ್ಟರ್ ಆಗಿ ಸೇರಿದ ಹೊಸತರಲ್ಲಿ ಸೀಟಿ ಕಳೆದುಕೊಂಡು, ವಾರವಿಡೀ ಬಾಯಲ್ಲೇ “ರೈಟ್!” ಎಂದು ಕೂಗಿ ಬಸ್ಸು ಹೊರಡಿಸಿದ್ದಳಂತೆ. ಕಿಕ್ಕಿರಿದ ಬಸ್ಸಿನ ಹಿಂಬಾಗಿಲಿನಿಂದ ಹೊರಟ ಕೂಗು ನೇರ ಡ್ರೈವರಿನ ಬೆನ್ನಿಗೆ ತಟ್ಟುತ್ತಿತ್ತು. ಆಮೇಲೆ ಸೀಟಿ ಸಿಕ್ಕಿತು, ಹೆಸರು ಹೋಗಲಿಲ್ಲ.

ಆ ಕೂಗಿಗಿಂತ ಹೆಸರಾದದ್ದು ಅವಳ ಮರ್ಯಾದೆ. ಬಸ್ಸಿನಲ್ಲಿ ಯಾರನ್ನೂ ಅವಳು ಏಕವಚನದಲ್ಲಿ ಮಾತಾಡಿಸಿದವಳಲ್ಲ. ಶಾಲೆಗೆ ಹೋಗುವ ಪುಟಾಣಿಗೂ “ಒಳಗೆ ಬನ್ನಿ ರಾಯರೇ, ಬಾಗಿಲಲ್ಲಿ ನಿಂತ್ರೆ ಗಾಳಿ ನಿಮ್ಮನ್ನ ಎತ್ಕೊಂಡು ಹೋಗುತ್ತೆ” ಅನ್ನುತ್ತಿದ್ದಳು. ಕುಡಿದು ತೂರಾಡುವವನಿಗೆ “ತಾವು ದಯಮಾಡಿ ಇಳೀಬೇಕು” ಅಂದರೆ, ಅವನು ತಾನೇನೋ ದೊಡ್ಡ ಮನುಷ್ಯನೆಂಬಂತೆ ಅಂಗಿ ಸರಿಮಾಡಿಕೊಂಡು ಇಳಿದುಹೋಗುತ್ತಿದ್ದ. ಹೊಸದಾಗಿ ಸೇರಿದ ಹುಡುಗಿಯರಿಗೆ ಅವಳ ಪಾಠ ಒಂದೇ: “ಮರ್ಯಾದೆ ಕೊಟ್ಟು ಬೈಬೇಕು ಕಣ್ರಮ್ಮ. ತಿರುಗಿ ಬೈಯೋಕೆ ಅವರಿಗೆ ದಾರೀನೇ ಇರಲ್ಲ.”

ಮನೆಯಲ್ಲೂ ಹಾಗೆಯೇ. ಗಂಡನಿಗೆ “ರೀ”, ಅತ್ತೆಗೆ “ನೀವು”. ಗಂಡ ಸುಟ್ಟುಹೋದ ಫ್ಯಾನು, ನೀರಿನ ಪಂಪುಗಳ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುವವನು. ಮಾತು ಕಡಿಮೆ, ಇದ್ದಷ್ಟೂ ತಂತಿಯ ಜೊತೆ. ಮಗನ ಪಾಲಿನದನ್ನೂ ಸೇರಿಸಿ ಆಡುವವರು ಅತ್ತೆ.

ಮೊದಲು ಹೋದದ್ದು ಒಂದು ಸ್ಟಾಪಿನ ಹೆಸರು. ಬಸ್ಸು ನಿಂತಿದೆ, ಇಳಿಯುವವರು ಎದ್ದಿದ್ದಾರೆ, ಅವಳ ಬಾಯಿ ತೆರೆದಿದೆ, ಹೆಸರಿಲ್ಲ. “ಅದೇ... ಪೋಸ್ಟಾಫೀಸ್ ಆದ್ಮೇಲಿಂದು” ಅಂದಳು. ಜನ ನಕ್ಕು ಇಳಿದರು, ಅವಳೂ ನಕ್ಕಳು. ಕೆಲವೇ ದಿನಗಳಲ್ಲಿ, ಡಿಪೋದ ನಲ್ಲಿಯ ಹತ್ತಿರ ಬಾಟಲಿಗೆ ನೀರು ಹಿಡಿಯುತ್ತ ನಿಂತವಳ ಬಲಗೈ ತಾನೇ ತಾನಾಗಿ ಅದುರತೊಡಗಿತು. ಬಾಯಿ ಒಂದು ಕಡೆಗೆ ಎಳೆಯಿತು. ಆಮೇಲಿನದು ಅವಳಿಗೆ ನೆನಪಿಲ್ಲ. ಅವಳ ಬಸ್ಸಿನ ಡ್ರೈವರ್ ಬ್ರೇಕಣ್ಣ, ನೆರಳು ಕಂಡರೂ ಬ್ರೇಕು ತುಳಿಯುವ ಮುದಿ ಮನುಷ್ಯ, ಖಾಲಿ ಬಸ್ಸಿನ ಉದ್ದ ಸೀಟಿನ ಮೇಲೆ ಅವಳನ್ನು ಮಲಗಿಸಿ, ಎಲ್ಲೂ ಬ್ರೇಕು ಹಾಕದೆ ಆಸ್ಪತ್ರೆ ಮುಟ್ಟಿಸಿದ ಎಂದು ಡಿಪೋದಲ್ಲಿ ಈಗಲೂ ಹೇಳುತ್ತಾರೆ.

ಮಿದುಳಿನ ಎಡಭಾಗದಲ್ಲಿ ಗೆಡ್ಡೆ. ನಿಧಾನವಾಗಿ ಬೆಳೆಯುವಂಥದು, ಎಷ್ಟು ಕಾಲದಿಂದ ಇದೆಯೋ ಹೇಳಲಾಗದು. ಆದರೆ ಕೂತಿರುವುದು ಮಾತಿನ ಮಗ್ಗುಲಲ್ಲೇ.

“ಒಂದೇ ಸಲ ಪೂರ್ತಿ ಕೀಳೋಕೆ ಹೋದ್ರೆ ಮಾತೂ ಜೊತೆಗೆ ಬಂದ್ಬಿಡುತ್ತೆ” ಎಂದಿದ್ದರು ಡಾಕ್ಟರು. “ಆದಷ್ಟು ತೆಗೀತೀವಿ. ಉಳಿದದ್ದನ್ನ ಬಿಟ್ಟು ಕಾಯ್ತೀವಿ. ಅಷ್ಟರಲ್ಲಿ ಮಾತು ಬೇರೆ ಜಾಗ ಹುಡುಕ್ಕೊಳ್ಳುತ್ತೆ. ಮಿದುಳಿಗೆ ಆ ಗುಣ ಇದೆ. ಗೆಡ್ಡೆ ನಿಧಾನವಾಗಿರೋದ್ರಿಂದ ಅದಕ್ಕೆ ಪುರುಸೊತ್ತೂ ಇದೆ. ರಸ್ತೆ ಅಗೆದಿದ್ರೆ ನಿಮ್ಮ ಬಸ್ಸು ಸುತ್ತು ದಾರಿ ಹಿಡಿಯಲ್ವಾ, ಹಾಗೆ.”

“ಸುತ್ತು ದಾರೀಲಿ ಎಲ್ಲಾ ಸ್ಟಾಪೂ ಸಿಗಲ್ಲ ಸಾರ್” ಅಂದಳು ರೈಟಕ್ಕ. ಆಗಿನ್ನೂ ಅವಳಿಗೆ ಪೂರಾ ಮಾತಿತ್ತು.

ಆಪರೇಷನ್ನಿನ ನಡುವೆ ಅವಳನ್ನು ಎಚ್ಚರಗೊಳಿಸಿದರು. ನೋವಿರಲಿಲ್ಲ. ಮಿದುಳಿಗೆ ತನ್ನ ನೋವು ತನಗೆ ಗೊತ್ತಾಗುವುದಿಲ್ಲವಂತೆ. ಮಾತು ಕಲಿಸುವ ಮೇಡಂ ಪಕ್ಕದಲ್ಲಿ ಕೂತು ಒಂದೊಂದೇ ಚಿತ್ರ ತೋರಿಸುತ್ತಿದ್ದರು. ಬಾಚಣಿಗೆ. ಬೀಗದ ಕೈ. ಕೊಡೆ. ಡಾಕ್ಟರು ತಲೆಯೊಳಗೆ ಸಣ್ಣ ಕರೆಂಟು ಮುಟ್ಟಿಸಿ ನೋಡುವರು. ಹೆಸರು ನಿಂತುಹೋದರೆ ಆ ಜಾಗವನ್ನು ಬಿಟ್ಟು ಮುಂದೆ ಹೋಗುವರು. ಒಂದು ಕಡೆ ಮುಟ್ಟಿದಾಗ ಕುರ್ಚಿಯ ಚಿತ್ರ ಎದುರಿಗಿತ್ತು. ಕುರ್ಚಿ ಎಂದು ಗೊತ್ತು, ನಾಲಿಗೆ ಎತ್ತಿದ್ದಾಳೆ, ಹೊರಗೆ ಬಂದದ್ದು “ಹೋಲ್ಡಾನ್!” ಎಂಬ ಕೂಗು. ಡಾಕ್ಟರ ಕೈ ನಿಂತಿತು, ನರ್ಸುಗಳು ನಿಂತರು, ಬಾಗಿಲ ಹತ್ತಿರ ಟ್ರೇ ಹಿಡಿದು ಹೋಗುತ್ತಿದ್ದವನೂ ನಿಂತನಂತೆ. ಡಾಕ್ಟರು ಆ ಜಾಗವನ್ನು ಮತ್ತೆ ಮುಟ್ಟಲಿಲ್ಲ. ಆ ಚೂರು ಗೆಡ್ಡೆ ಅಲ್ಲೇ ಉಳಿಯಿತು.

ಮೊದಲ ಕೆಲವು ದಿನ ಮಾತೇ ಬರಲಿಲ್ಲ. ಬಂದಾಗ ಮೊದಲು ಬಂದದ್ದು ಗಂಡನಿಗೆ.

“ಲೋ, ನೀರು ಕೊಡೋ.”

ಗಂಡ ತಿರುಗಿ ನೋಡಿದ, ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು. ನರ್ಸು ಕಿಸಕ್ಕೆಂದು ನಕ್ಕಳು. ಸಂಜೆ ರೌಂಡ್ಸಿಗೆ ಬಂದ ಡಾಕ್ಟರನ್ನು ರೈಟಕ್ಕ, “ಊಟ ಮಾಡ್ದೇನೋ?” ಎಂದು ಕೇಳಿದಳು. ಅವರು ನಗದೆ, “ಇನ್ನೂ ಇಲ್ಲಮ್ಮ” ಅಂದರು.

‘ನೀವು’ ಹೋಗಿತ್ತು. ಒಂಟಿಯಾಗಿ ಅಲ್ಲ, ಸಂಸಾರ ಸಮೇತ. ಬನ್ನಿ, ಹೋಗಿ, ಕೂತ್ಕೊಳ್ಳಿ, ಅವರು, ಇವರು, ಎಲ್ಲ. ಬೇರೆಯವರು ಆಡಿದರೆ ಅವಳಿಗೆ ಅರ್ಥವಾಗುತ್ತಿತ್ತು. ತನ್ನ ಮನಸ್ಸಿನಲ್ಲೂ ಸರಿಯಾಗಿಯೇ ಇರುತ್ತಿತ್ತು. ತುಟಿಗೆ ಬರುವ ಹೊತ್ತಿಗೆ ಎಲ್ಲೋ ಒಂದು ಮೆಟ್ಟಿಲು ತಪ್ಪಿ ‘ನೀನು’ ಆಗಿ ಬೀಳುತ್ತಿತ್ತು. ಬಿದ್ದ ಸದ್ದು ಎಲ್ಲರಿಗಿಂತ ಮೊದಲು ಅವಳಿಗೇ ಕೇಳುತ್ತಿತ್ತು.

ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಅತ್ತೆ ನಲ್ಲಿ ತಿರುಗಿಸಿಟ್ಟು ಮರೆತರು, ನೀರೆಲ್ಲ ಹೊಸಿಲು ದಾಟಿತು. ರೈಟಕ್ಕ ಗೋಡೆ ಹಿಡಿದು ಬಂದು, “ನಿಂಗೆ ಬುದ್ಧಿ ಇಲ್ವಾ?” ಅಂದಳು.

ಅತ್ತೆ ಮಗನ ಕಡೆ ತಿರುಗಿದರು. “ಯಾಕೋ, ಆ ಡಾಕ್ಟ್ರು ಗೆಡ್ಡೆ ತೆಗೀತೀನಿ ಅಂತ ಹೋಗಿ ಮರ್ಯಾದೆ ತೆಗೆದುಬಿಟ್ನೇನೋ?”

ಗಂಡ ಒರೆಸುವ ಬಟ್ಟೆ ಹುಡುಕಿದ. ಅತ್ತೆ ಆಮೇಲೆ ಬಹಳ ದಿನ ಸೊಸೆಯೊಂದಿಗೆ ಮಾತು ಬಿಟ್ಟರು. ತಟ್ಟೆ ಇಡುವಾಗ ಸ್ವಲ್ಪ ಜೋರಾಗಿ ಇಡುವರು, ಅಷ್ಟೇ.

ಮಾತು ಕಲಿಸುವ ಮೇಡಂ ಹತ್ತಿರ ಹೋಗಿಬರುವುದು ಶುರುವಾಯಿತು. ಆಸ್ಪತ್ರೆಯ ಹಿಂಭಾಗದ ಚಿಕ್ಕ ಕೋಣೆ, ಎರಡು ಕುರ್ಚಿ, ಒಂದು ಕನ್ನಡಿ. ಮೇಡಂ ಇನ್ನೂ ಹುಡುಗಿ. “ಬಾ ಅನ್ನಿ. ಈಗ ಬನ್ನಿ ಅನ್ನಿ.” ಬಾ. ಬಾ. ಬ... ಬಾ. ಮನೆಯಲ್ಲಿ ಅವಳು ಬಾಗಿಲಿಗೆ, ಬಕೆಟ್ಟಿಗೆ, ಮೂಲೆಯ ಪೊರಕೆಗೆ ಮರ್ಯಾದೆ ಕೊಡುತ್ತ ಕೂರುವಳು. ಹತ್ತು ಮಾತಿಗೆ ಬೆವರು. ಇಡೀ ದಿನ ಕಿಕ್ಕಿರಿದ ಬಸ್ಸಿನಲ್ಲಿ ನಿಂತು ಕೆಲಸ ಮಾಡಿದವಳಿಗೆ ಕಾಲು ಸೋಲುವುದು ಗೊತ್ತಿತ್ತು. ಮಾತು ಸೋಲುವುದು ಗೊತ್ತಿರಲಿಲ್ಲ. ಮಧ್ಯಾಹ್ನ ಮಲಗಿದರೆ ಎದ್ದಾಗಲೂ ಆ ದಣಿವು ಚಾಪೆಯ ಮೇಲೆ ಅವಳ ಪಕ್ಕದಲ್ಲೇ ಇರುತ್ತಿತ್ತು.

ಮತ್ತೆ ಫಿಟ್ಸ್ ಬರಬಹುದಾದ್ದರಿಂದ ಬಸ್ಸು ಹತ್ತುವಂತಿರಲಿಲ್ಲ. ಡಿಪೋ ಮ್ಯಾನೇಜರು ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಕೂರಿಸಿದರು. “ನೋಡೋಣ. ಮಾತು ಸರಿಹೋದ್ರೆ ಕಿಟಕಿ ನಿಮಗೇ ಖಾಯಂ. ಇಲ್ಲಾಂದ್ರೆ ಟೈರ್ ಗೋಡೌನ್ ಇದೆ. ಅಲ್ಲಿ ಯಾರ ಹತ್ತಿರಾನೂ ಮಾತಾಡೋ ರಗಳೆ ಇಲ್ಲ” ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಹಗಲೆಲ್ಲ ರಬ್ಬರಿನ ನಾತದ ನಡುವೆ ಬಾಯಿ ಮುಚ್ಚಿ ಕೂರುವುದನ್ನು ನೆನೆದು ಅವಳು ತನ್ನ ಕುರ್ಚಿಯನ್ನು ಕಿಟಕಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಕಿಟಕಿಗೆ ಬಂದ ಮೊದಲ ವಾರದಲ್ಲೇ ಜಗಳ.

“ಎಷ್ಟೊತ್ತಿಗೆ ಬಸ್ಸು?” ಕೇಳಿದವನು ಕನ್ನಡಕದ ಮನುಷ್ಯ.

“ನಿಲ್ಲು, ನೋಡಿ ಹೇಳ್ತೀನಿ.”

“ನಿಲ್ಲು? ಯಾರಿಗಮ್ಮ ನಿಲ್ಲು ಅನ್ನೋದು? ನಾನೇನು ನಿಮ್ಮನೆ ಆಳಾ?”

ಬ್ರೇಕಣ್ಣ ಎಲ್ಲಿದ್ದನೋ ಓಡಿಬಂದ. “ತಪ್ಪು ತಿಳೀಬೇಡಿ ಸಾರ್. ಅವರಿಗೆ ತಲೆ ಆಪರೇಷನ್ ಆಗಿದೆ.”

ಕನ್ನಡಕದವನ ಮುಖ ಮೆತ್ತಗಾಯಿತು. ಅವನು ಅವಳ ತಲೆಯ ಕಡೆ, ಇನ್ನೂ ಪೂರಾ ಬೆಳೆಯದ ಕೂದಲಿನ ಕಡೆ ನೋಡಿದ. ಜಗಳವೇ ಎಷ್ಟೋ ವಾಸಿಯಿತ್ತು.

“ನೀನ್ಯಾಕೆ ಹೇಳ್ದೆ?” ಅವನು ಹೋದ ಮೇಲೆ ಅವಳು ಕೇಳಿದಳು.

“ಮತ್ತೆ? ಏಟು ತಿಂತಿದ್ದೆ ನೀನು.”

“ತಿಂತಿದ್ದೆ. ಏಟು ವಾಸಿ.”

ಅಂದಿನಿಂದ ಅವಳ ಮಾತು ಒಂದು ವಿಚಿತ್ರ ಹಾದಿ ಹಿಡಿಯಿತು. ಯಾರೂ ಹೇಳಿಕೊಟ್ಟದ್ದಲ್ಲ. ಎದುರಿಗಿದ್ದವರು ನೀನೂ ಅಲ್ಲ, ನೀವೂ ಅಲ್ಲ ಎಂಬಂತೆ ಮಾತಾಡತೊಡಗಿದಳು. “ಎಲ್ಲಿಗೆ ಹೋಗೋದು?” “ಟಿಕೆಟ್ ಆಯ್ತಾ?” “ಸ್ವಲ್ಪ ಈ ಕಡೆ ಬರೋಣ.” “ಬ್ಯಾಗು ಒಳಗಿಟ್ರೆ ಒಳ್ಳೇದು.” ಯಾರನ್ನೂ ತಾಗದ, ಯಾರಿಗೂ ನೋಯದ ಮಾತು. ಹೊಸ ಮದುವೆಯ ಮನೆಗಳಲ್ಲಿ, ಸಂಬಂಧ ಇನ್ನೂ ಗಟ್ಟಿಯಾಗದ ಕಡೆ ಜನ ಹೀಗೆ ಮಾತಾಡಿಕೊಳ್ಳುತ್ತಾರೆ. ರೈಟಕ್ಕ ಇಡೀ ಬಸ್ ಸ್ಟ್ಯಾಂಡಿನ ಜೊತೆ ಹಾಗೆ ಮಾತಾಡಿ ದಿನ ಕಳೆದಳು.

ಇದನ್ನು ಕೇಳಿದ ಮೇಡಂ ಕುರ್ಚಿಯ ತುದಿಗೆ ಬಂದರು. “ಇದನ್ನ ನಾನು ಕಲಿಸೇ ಇಲ್ವಲ್ಲ! ಎಲ್ಲಿಂದ ಬಂತು?”

“ಗೊತ್ತಿಲ್ಲ. ಬಂತು” ಅಂದಳು ರೈಟಕ್ಕ. ಅವಳಿಗೆ ಮನೆಗೆ ಹೋಗಿ ಮಲಗಬೇಕಿತ್ತು.

ಆ ಬಳಸು ಮಾತಿನ ಬೆನ್ನಿಗೇ, ತಿಂಗಳುಗಳು ಉರುಳಿದ ಮೇಲೆ, ‘ನೀವು’ ಕೂಡ ಅಷ್ಟಿಷ್ಟು ಬರತೊಡಗಿತು. ಮೊದಲಿನಂತೆ ಹರಿದು ಅಲ್ಲ. ಮುರಿದ ಕಪ್ಪಿಗೆ ಹಿಡಿ ಅಂಟಿಸಿದಂತೆ, ಮಾತಿನ ಕೊನೆಗೆ ಒಂದು ‘ರಿ’ ತಂದು ಅಂಟಿಸುವಳು. ಕೂತ್ಕೊಳ್... ರಿ. ಒಂದು ಸಂಜೆ ಗಂಡ ಅಂಗಡಿಯಿಂದ ಬಂದಾಗ, “ಚಹಾ ಕುಡೀ... ತೀರಾ?” ಅಂದಳು.

ಅವನು ಚಪ್ಪಲಿ ಬಿಡುತ್ತಿದ್ದವನು ಹಾಗೇ ನಿಂತ. “ಯಾಕೆ? ಕೋಪಾನಾ?”

ಅವಳಿಗೆ ನಗು ಬಂತು. ನಗುವುದಕ್ಕೆ ಅಂಥ ಶ್ರಮವಿರಲಿಲ್ಲ.

ಮೊನ್ನೆಯ ಸ್ಕ್ಯಾನಿನಲ್ಲಿ ಎರಡು ಸುದ್ದಿ ಬಂದವು. ಬಿಟ್ಟ ಚೂರು ಬೆಳೆಯುತ್ತಿದೆ. ಮಾತು ಅದರ ಪಕ್ಕದಿಂದ ಬಹಳಷ್ಟು ಕದಲಿದೆ, ಸ್ವಲ್ಪ ಹಿಂದಕ್ಕೆ, ಸ್ವಲ್ಪ ಬಲಗಡೆಗೂ. ಈಗ ತೆಗೆಯಬಹುದು, ಕಾದರೆ ಕಷ್ಟ.

ಡಾಕ್ಟರು ಪೆನ್ನಿನ ತುದಿಯಿಂದ ಬೂದು ಚಿತ್ರದ ಮೇಲೆ ತೋರಿಸುತ್ತ ಹೇಳಿದರು: “ಹೋದ ಸಲ ಟೇಬಲ್ ಮೇಲೆ ನಾವು ಹೆಸರುಗಳನ್ನ ಕೇಳಿದ್ವಿ, ಹೆಸರುಗಳು ಬಹುಮಟ್ಟಿಗೆ ಉಳಿದ್ವು. ಮರ್ಯಾದೆ ಮಾತನ್ನ ಕೇಳೋಕೆ ಯಾರಿಗೂ ಹೊಳೀಲಿಲ್ಲ, ಅದು ಹೋಯ್ತು. ಏನನ್ನ ಕೇಳ್ತೀವೋ ಅದನ್ನ ಕಾಯಬಹುದು. ಕೇಳದೇ ಇರೋದಕ್ಕೆ ನಾನು ಮಾತು ಕೊಡಲಾರೆ.”

“ಎಲ್ಲಾ ಕೇಳು... ರಿ.”

“ಆಗಲ್ಲಮ್ಮ. ಬೇಗ ದಣೀತೀರಿ ನೀವು. ದಣಿದ ಮೇಲೆ ತಪ್ಪು ಯಾವುದು, ಸುಸ್ತು ಯಾವುದು ನಮಗೆ ತಿಳಿಯಲ್ಲ. ಕಿಟಕೀಲಿ ಆಡೋ ‘ನೀವು’ ಮಾತು ಮೊದಲು ನೋಡ್ಲಾ, ಮನೇಲಿ ಆಡೋ ‘ನೀನು’ ಮಾತಾ? ಎರಡೂ ಬೇರೆ ಬೇರೆ ದಾರೀಲಿ ಬರ್ತಿವೆ ನಿಮಗೆ. ಯೋಚಿಸಿ ಹೇಳಿ.”

ಇಬ್ಬರೂ ಮನೆಯ ದಾರಿ ಹಿಡಿದರು. ಮನೆಯ ತಿರುವಿನಲ್ಲಿ ಗಂಡ, “ಕಿಟಕಿ ಅಂದ್ಬಿಡು. ಇಷ್ಟು ಕಷ್ಟಪಟ್ಟಿದ್ದೀಯ” ಅಂದ. ಅವಳು, “ಸುಮ್ನೆ ಬಿಟ್ಬಿಡೋಣ. ಆ ಚೂರು ಅಲ್ಲೇ ಇರ್ಲಿ. ಸಾಕಾಗಿದೆ” ಅಂದಳು. ಅವನು ಅವಳ ಕೈಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡ.

ಮರುದಿನ ಅತ್ತೆ ಬಟಾಣಿ ಸುಲಿಯುತ್ತ ಕೂತಿದ್ದರು. ಮಾತು ಬಿಟ್ಟದ್ದು ಎಂದೋ ಮುಗಿದಿತ್ತು, ಬಿಟ್ಟಷ್ಟು ದಿನ ಅವರಿಗೇ ಬೇಜಾರಾಗಿತ್ತು. ರೈಟಕ್ಕ ಎದುರು ಕೂತು, ಉಸಿರು ಕೂಡಿಸಿಕೊಂಡು, “ಸ್ವಲ್ಪ ಈ ಕಡೆ ತಳ್... ಳಿ” ಅಂದಳು.

ಅತ್ತೆ ಮೊರವನ್ನು ತಳ್ಳಿದರು. ತಳ್ಳಿ, ಬೀದಿಯ ಕಡೆ ನೋಡುತ್ತ ಅಂದರು: “ಕಿಟಕೀಲಿ ಏನು ಬೇಕಾದ್ರೂ ಅನ್ಕೋ. ನಂಗೆ ಆ ‘ತಳ್ಳಿ ಎತ್ತಿ’ ಬೇಡ.”

“ಹಾಂ?”

“ಅಮ್ಮ ಹೋದ್ಲು. ಅಕ್ಕ ಹೋದ್ಲು. ಪಕ್ಕದ್ಮನೆಯವಳಿದ್ಲು ನನ್ನ ವಾರಿಗೆಯವಳು, ಅವಳೂ ಹೋದ್ಲು. ನನ್ನನ್ನ ‘ನೀನು’ ಅನ್ನೋರೆಲ್ಲ ಒಬ್ಬೊಬ್ರೇ ಖಾಲಿ ಆದ್ರು ನಂಗೆ.”

“ಮಗ ಅಂತಾನಲ್ಲ.”

“ಅಂತಾನೆ, ಬಾಯಿ ಬಿಟ್ಟಾಗ. ಅವನು ಬಾಯಿ ಬಿಡೋದು ಆಕಳಿಸೋಕೆ.” ಒಂದು ಕಾಯಿ ಸುಲಿದು ಕಾಳು ಬಟ್ಟಲಿಗೆ ಉದುರಿಸಿದರು. “ನಿಂಗೆ ಬುದ್ಧಿ ಇಲ್ವಾ ಅಂತ ಕೇಳೋರು ಒಬ್ರೂ ಇರ್ಲಿಲ್ಲ. ನೀನು ಕೇಳ್ದೆ.”

“ಅವತ್ತು ಮಾತು ಬಿಟ್ಟೆ ನೀನು.”

“ಬಿಟ್ಟೆ. ಕೋಪ ಬಂತು. ಮುದುಕಿಗೆ ಕೋಪ ಬರ್ಬಾರ್ದೇನೇ?”

ರೈಟಕ್ಕನಿಗೆ ಕರಗುವುದಕ್ಕಿಂತ ಮೊದಲು ರೇಗಿತು. “ಅಷ್ಟು ದಿನ ಪೊರಕೆ ಮುಂದೆ... ಬಕೆಟ್ ಮುಂದೆ ಕೂತು ಬಡ್ಕೊಂಡೆ. ಕಲ್ತೆ. ಈಗ ಬೇಡ ಅಂತೀಯಾ?”

“ಬೇಡ ಅನ್ನೋಕೆ ನಾನ್ಯಾರು? ಕಿಟಕಿ ಹೋದ್ರೆ ಟೈರು ಕಾಯೋಳು ನೀನು. ನಂಗೇನು ಬೇಕೋ ಅಂದೆ.” ಅತ್ತೆ ಸಿಪ್ಪೆ ಒಟ್ಟುಮಾಡಿದರು. “ಆಪರೇಷನ್ ಮಾತ್ರ ಮಾಡಿಸ್ಕೋ. ಸತ್ತವಳು ‘ನೀನು’ ಅಂದ್ರೂ ನಂಗೆ ಕೇಳಲ್ಲ, ‘ನೀವು’ ಅಂದ್ರೂ ಕೇಳಲ್ಲ.”

ಆಮೇಲೆ ಇಬ್ಬರೂ ಬಟಾಣಿ ಸುಲಿದರು. ಕೆಲವು ಕಾಯಿಗಳೊಳಗೆ ಹುಳು ಇತ್ತು, ಅವನ್ನು ಬೇರೆ ಇಟ್ಟರು.

ಡಾಕ್ಟರಿಗೆ ಉತ್ತರ ಹೇಳುವ ದಿನ ಆಸ್ಪತ್ರೆಯ ಓಣಿಯಲ್ಲಿ ಜನ ಬೆಂಚು ತುಂಬಿ ಗೋಡೆಗೂ ಒರಗಿದ್ದರು. ಯಾರದೋ ಮಗು ನೆಲದ ಮೇಲೆ ಕೂತು ಸ್ಕ್ಯಾನಿನ ದೊಡ್ಡ ಲಕೋಟೆಯನ್ನು ಡೋಲಿನಂತೆ ಬಡಿಯುತ್ತಿತ್ತು. ರೈಟಕ್ಕ ಕಣ್ಣು ಮುಚ್ಚಿ ಕೂತಿದ್ದಳು. ಇನ್ನೊಮ್ಮೆ ತಲೆ ಬೋಳಿಸುವುದು, ಇನ್ನೊಮ್ಮೆ ಆ ಬೆಳಕು, ಬಾಚಣಿಗೆ, ಬೀಗದ ಕೈ. ಇನ್ನೊಮ್ಮೆ ಬಾ, ಬಾ, ಬಾ. ಎಲ್ಲವೂ ಮೊದಲಿಂದ. ಮಾಡಿಸಿಕೊಳ್ಳುತ್ತೇನೆ ಎಂದು ಅವಳಿಗೆ ಬೆಳಿಗ್ಗೆ ಎದ್ದಾಗಲೇ ತಿಳಿದಿತ್ತು. ಅದು ಧೈರ್ಯವೇನೂ ಅಲ್ಲ. ಒಂದು ಸ್ಕ್ಯಾನಿನಿಂದ ಇನ್ನೊಂದು ಸ್ಕ್ಯಾನಿನವರೆಗೆ ಕಾಯುವ ಸುಸ್ತು ಆಪರೇಷನ್ನಿನ ಸುಸ್ತಿಗಿಂತ ಉದ್ದವಾಗಿತ್ತು.

“ಏನು ಹೇಳೋದು ಅಂತ ಗಟ್ಟಿ ಮಾಡ್ಕೊಂಡ್ಯಾ?” ಗಂಡ ಕೇಳಿದ. “ನಾನೇ ಹೇಳ್ಲಾ ಒಳಗೆ? ಕಿಟಕಿ ಮಾತು ಅಂತ?”

“ಬೇಡ.”

“ಮತ್ತೆ ಗೋಡೌನು...”

“ಕೂರ್ತೀನಿ. ಟೈರಿಗೆ ಮರ್ಯಾದೆ ಬೇಕಿಲ್ಲ.” ಅವಳು ಕಣ್ಣು ತೆರೆದಳು. “ಕಿಟಕೀಲಿ ದಿನಕ್ಕೊಂದು ಮುಖ. ಆಪರೇಷನ್ ಆದ್ಮೇಲೆ ನಾನು ಎದ್ದು ನೋಡೋದು ನಿನ್ನ. ಲೋ ಅಂತ ಕರೆಯೋಕೂ ಆಗ್ದಿದ್ರೆ ಏನು ಮಾಡ್ಲಿ?”

ಗಂಡ ನೆಲದ ಮೇಲಿನ ಮಗುವನ್ನು ನೋಡಿದ. ಅವನ ಬೆರಳುಗಳು ತೊಡೆಯ ಮೇಲೆ ಇಲ್ಲದ ತಂತಿಯನ್ನು ಸುತ್ತುತ್ತಿದ್ದವು.

ಒಳಗಿಂದ ಅವಳ ಸರದಿ ಕರೆದರು. ಅವನೂ ಏಳಲು ಹೊರಟ. ಅವಳು ಅವನ ಹೆಗಲ ಮೇಲೆ ಕೈಯಿಟ್ಟು, ಅದರ ಮೇಲೆಯೇ ಭಾರ ಹಾಕಿ ಎದ್ದು ನಿಂತಳು.

“ನೀನು ಕೂತಿರು. ನಾನೇ ಹೋಗಿ ಅವನಿಗೆ... ಅವರಿಗೆ ಹೇಳ್ತೀನಿ, ಮನೆ ಮಾತು ಮೊದಲು ನೋಡು ಅಂತ. ಮಿಕ್ಕಿದ್ದು ಸಿಕ್ಕಷ್ಟು ಸಿಗ್ಲಿ. ನೀನು ಅತ್ತೆಗೆ ಫೋನ್ ಮಾಡಿ ಹೇಳು, ನಾನು ಆಸ್ಪತ್ರೇಲಿರೋ ಅಷ್ಟು ದಿನ ಅವಳು ಒಬ್ಬಳೇ ನಲ್ಲಿ ಹತ್ರ ಹೋಗಿ” ಎನ್ನುತ್ತ, ಬೆಂಚುಗಳ ನಡುವೆ ಚಾಚಿದ ಕಾಲುಗಳನ್ನು ಬಸ್ಸಿನಲ್ಲಿ ದಾಟುತ್ತಿದ್ದಂತೆ ಒಂದೊಂದಾಗಿ ದಾಟಿಕೊಂಡು, “ನೀರು ತಿರುಗಿಸಿಟ್ಟು ಮರೆತ್ರೆ ನಾನು ಬಂದ್ಮೇಲೆ ಅವಳನ್ನ ‘ನಿಂಗೆ ಬುದ್ಧಿ ಇಲ್ವಾ’ ಅಂತ ಕೇಳ್ದೆ ಬಿಡಲ್ಲ ಅಂತ” ಎಂದು ಮುಗಿಸಿ ಒಳಗೆ ಹೋದಳು.